ಒಂದನೇ ಡಿಕಾಕ್ಷನ್ ಯಾರಿಗೆ?

ಅಕ್ಕಿಯಲ್ಲಿ ನನಗೆ ಮೋಸ ಮಾಡುವುದು ಸುಲಭವಲ್ಲ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮಾದರಿ ನೋಡುವುದು ನನ್ನ ಕೆಲಸ. ಚೀಲಕ್ಕೆ ಚುಚ್ಚಿ ತೆಗೆದ ಒಂದು ಹಿಡಿ ಅಕ್ಕಿಯನ್ನು ಕರಿ ತಟ್ಟೆಯ ಮೇಲೆ ಹರಡಿ, ನುಚ್ಚೆಷ್ಟು, ಹಳದಿ ಕಾಳೆಷ್ಟು, ಬೇರೆ ತಳಿಯದು ಎಷ್ಟು ಬೆರೆತಿದೆ ಎಂದು ಬೆರಳಿನಿಂದ ಸರಿಸಿ ಹೇಳುತ್ತೇನೆ. ಸಾಹುಕಾರರೂ ಪಕ್ಕದಲ್ಲಿ ನಿಂತು ನನ್ನ ಬೆರಳು ಯಾವ ಕಡೆ ಸರಿಯುತ್ತದೆ ಎಂದು ನೋಡುತ್ತಿರುತ್ತಾರೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಜಂಬಕ್ಕಲ್ಲ. ಸ್ವಲ್ಪ ಜಂಬಕ್ಕೂ ಹೌದು ಅನ್ನಿ. ಇಷ್ಟು ಕಣ್ಣಿದ್ದ ನಾನು ಇಪ್ಪತ್ತೆರಡು ವರ್ಷ ತುಂಬುವ ತನಕ ಕಾಫಿಯಲ್ಲದ್ದನ್ನು ಕಾಫಿ ಎಂದು ಕುಡಿದೆ. ಸುಮ್ಮನೆ ಕುಡಿದಿದ್ದರೆ ಬಿಡಿ, ಅದಕ್ಕಾಗಿ ಹತ್ತು ಜನರ ಮುಂದೆ ಜಗಳವನ್ನೂ ಆಡಿದೆ.

ನಮ್ಮದು ಕುರುಗೋಡು. ಮನೆಯಲ್ಲಿ ದಿನವೂ ಚಹಾ. ಕಾಫಿ ಎಂದರೆ ವಿಶೇಷ: ಮಳೆ ಬಂದ ದಿನ, ನೆಗಡಿ ಹಿಡಿದ ದಿನ, ಪರೀಕ್ಷೆ ಮುಗಿದ ದಿನ, ಅಪ್ಪನ ಮೇಲಿನ ಅವ್ವನ ಸಿಟ್ಟು ಇಳಿದ ದಿನ. ಅವ್ವ ಕೊತ್ತಂಬರಿ ಬೀಜವನ್ನು ಹಂಚಿನ ಮೇಲೆ ಹಾಕಿ, ಇನ್ನೇನು ಕರಕಾಯಿತು ಅನ್ನುವ ಹೊತ್ತಿಗೆ ಸರಿಯಾಗಿ ಇಳಿಸುತ್ತಿದ್ದಳು. ಜೊತೆಗೆ ಒಣಶುಂಠಿ, ನಾಲ್ಕು ಕಾಳು ಮೆಣಸು, ಒಂದು ಏಲಕ್ಕಿ. ಎಲ್ಲವನ್ನೂ ಕುಟ್ಟಿ, ಜರಡಿ ಹಿಡಿದು, ಒಂದು ಸ್ಟೀಲ್ ಡಬ್ಬಿಗೆ ತುಂಬಿ ಮೇಲಿನ ಗೂಡಿನಲ್ಲಿ ಇಡುತ್ತಿದ್ದಳು. ಬೆಲ್ಲದ ನೀರಿಗೆ ಆ ಪುಡಿ ಹಾಕಿ ಕುದಿಸಿ, ಇಳಿಸಿದ ಮೇಲೆ ಹಾಲು ಹಾಕಿ ಕೊಟ್ಟರೆ ನಮ್ಮ ಮನೆಯ ಕಾಫಿ. ಆ ಡಬ್ಬಿಯ ಹೆಸರೇ ಕಾಫಿ ಡಬ್ಬಿ.

ಟಿ.ವಿ.ಯಲ್ಲಿ ಕಾಫಿಯ ಜಾಹೀರಾತು ಬರುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಬರುತ್ತಿತ್ತು. ಬೀಜ ಹುರಿಯುತ್ತಿದ್ದರು, ಪುಡಿ ಮಾಡುತ್ತಿದ್ದರು, ಕಂದು ಬಣ್ಣದ ಕಾಫಿಯಿಂದ ಹೊಗೆ ಏಳುತ್ತಿತ್ತು. ನಮ್ಮವ್ವ ಮಾಡುವುದೂ ಅದನ್ನೇ ಅಲ್ಲವೇ! ಬಳ್ಳಾರಿಯಲ್ಲಿ ಡಿಗ್ರಿ ಓದುವಾಗ ಕ್ಯಾಂಟೀನಿನಲ್ಲಿ ಚಹಾ ಮಾತ್ರ ಕುಡಿದೆ. ಕಾಫಿ ಮನೆಯಲ್ಲೇ ಇದೆ, ಹೊರಗೆ ಯಾಕೆ ಕುಡಿಯಬೇಕು ಎಂಬ ಶಾಣ್ಯಾತನ ನನ್ನದು. ಆ ಶಾಣ್ಯಾತನವೇ ಕೈಕೊಟ್ಟಿತು.

ಗಿರಣಿಗೆ ಸೇರಿದ ಮೊದಲ ವಾರ. ಆಫೀಸಿನಲ್ಲಿ ಚಹಾ, ಕಾಫಿ ಮಾಡುವವಳು ಮೋಕ ಎಂಬ ಊರಿನ ಕಡೆಯ ಒಬ್ಬ ಅಕ್ಕ. ಎಲ್ಲರ ಬಾಯಲ್ಲೂ ಮೋಕದಕ್ಕ. ಲೋಟದಲ್ಲಿ ಇನ್‌ಸ್ಟಂಟ್ ಪುಡಿ, ಸಕ್ಕರೆ, ಎರಡು ಹನಿ ನೀರು ಹಾಕಿಕೊಂಡು ಚಮಚದಿಂದ ಟಕಟಕ ಬಡಿಯುತ್ತಾಳೆ. ಬೆಳ್ಳಗೆ ಉಬ್ಬಿದ ಮೇಲೆ ಕುದಿಯುವ ಹಾಲು ಸುರಿಯುತ್ತಾಳೆ. ಸಾಹುಕಾರರಿಗೂ ಮ್ಯಾನೇಜರಿಗೂ ಮಾತ್ರ ಇದ್ದ ಆ ಮರ್ಯಾದೆಯನ್ನು ಹೊಸ ಹುಡುಗಿ ಎಂದು ಅವತ್ತು ನನಗೂ ಮಾಡಿದಳು. ನಾನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ಅಕ್ಕಾ, ಇದು ತಳ ಹತ್ತೈತಿ ನೋಡು. ಕಾಫಿ ಹಿಂಗ ಇರಂಗಿಲ್ಲ."

ಮೋಕದಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾರ ಹೆಂಗಿರತೈತಿ, ನೀನರ ಹೇಳವ್ವ."

ಹೇಳು ಎಂದರೆ ನಾನು ಬಿಡುವವಳೇ? "ಬೀಜ ನೀ ಹದಕ್ಕ ಹುರಿದಿಲ್ಲಕ್ಕ. ಕೊತ್ತಂಬರಿ ಭಾಳ ಹುರಿದ್ರ ಹಿಂಗ ಕಹಿ ಆಗತೈತಿ."

"ಏನ್ ಭಾಳ ಹುರಿದ್ರ?"

"ಕೊತ್ತಂಬರಿ. ಒಣಶುಂಠಿ ಅಂತೂ ನೀ ಹಾಕೇ ಇಲ್ಲ. ಬೆಲ್ಲ ಮೊದಲಽ ಇಲ್ಲ."

ಮ್ಯಾನೇಜರರ ಮೂಗಿನಿಂದ ಕಾಫಿ ಬಂತು. ತೂಕದವರು, ಹಮಾಲರು, ಲಾರಿ ಡ್ರೈವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೋಕದಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಯವ್ವಾ ತಾಯಿ, ನೀ ಹೇಳಾಕತ್ತಿದ್ದು ಬಾಣಂತಿ ಕಷಾಯ!" ಅಂದಳು. ನಾನು ಸೋಲಲಿಲ್ಲ. ಮೊಬೈಲ್ ತೆಗೆದು ಎಲ್ಲರಿಗೂ ತೋರಿಸುತ್ತೇನೆಂದು ಹುಡುಕಿದೆ. ಕೆಂಪಗಿನ ಹಣ್ಣಿರುವ ಗಿಡದ ಚಿತ್ರ ಬಂತು. ಮೊಬೈಲನ್ನು ಮೆಲ್ಲಗೆ ಚೀಲದೊಳಗೆ ಇಟ್ಟುಕೊಂಡೆ. ಅವತ್ತಿನಿಂದ ಗಿರಣಿಯಲ್ಲಿ ನನ್ನ ಹೆಸರು ಕೊತ್ತಂಬರಿ ಮೇಡಂ.

ಸಂಜೆ ಕುರುಗೋಡಿನ ಬಸ್ಸಿನಲ್ಲಿ ಕಿಟಕಿಗೆ ಮುಖವಿಟ್ಟುಕೊಂಡು ಕೂತೆ. ನನ್ನ ಮಾನ ಹೋದದ್ದಕ್ಕೆ ಅಷ್ಟೇನೂ ಬೇಜಾರಾಗಲಿಲ್ಲ, ಅದು ಆಗಾಗ ಹೋಗುತ್ತಲೇ ಇರುತ್ತದೆ. ಬೇಜಾರಾದದ್ದು ಅವ್ವನ ನೆನಪಾಗಿ. ಪಾಪ, ಅವಳಿಗೂ ಗೊತ್ತಿಲ್ಲ. ಎಷ್ಟು ಪ್ರೀತಿಯಿಂದ ಹುರಿಯುತ್ತಾಳೆ, ಕುಟ್ಟುತ್ತಾಳೆ, "ಕಾಫಿ ಆತು, ಬಾ" ಎಂದು ಕರೆಯುತ್ತಾಳೆ. ಇವತ್ತು ನನ್ನ ಮುಂದೆ ನಕ್ಕ ಹಾಗೆ ಯಾರಾದರೂ ಅವಳ ಮುಂದೆ ನಕ್ಕರೆ? ಆ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಈ ವಿಷಯ ಅವ್ವನ ಕಿವಿಗೆ ಬೀಳಬಾರದು. ಅವ್ವನ ಕಾಫಿಗೆ ಯಾರೂ ನಗಬಾರದು. ಅಷ್ಟು ಕಾಯ್ದರೆ ಮಗಳಾಗಿ ಹುಟ್ಟಿದ್ದಕ್ಕೂ ಸಾರ್ಥಕ. ಮನೆಗೆ ಹೋದಾಗ ಅವ್ವ ಕಾಫಿ ಕೊಟ್ಟಳು, ನಾನು ತಲೆ ತಗ್ಗಿಸಿ ಕುಡಿದು ಮುಗಿಸಿದೆ.

ಅಲ್ಲಿಂದ ನನ್ನ ಕಾಫಿ ವಿದ್ಯಾಭ್ಯಾಸ ಶುರುವಾಯಿತು. ಮೋಕದಕ್ಕನ ಬಡಿದ ಕಾಫಿ ಮೂರನೇ ದಿನಕ್ಕೆ ರುಚಿ ಹತ್ತಿತು, ಐದನೇ ದಿನಕ್ಕೆ ಅದಿಲ್ಲದಿದ್ದರೆ ತಲೆನೋವು. ಗಿರಣಿಗೆ ಒಂದು ಮಷೀನು ಬಂತು. ಗುಂಡಿ ಒತ್ತಿದರೆ ಕೊರ್ರೆಂದು ಸದ್ದು ಮಾಡಿ ಕಾಗದದ ಲೋಟಕ್ಕೆ ಕಾಫಿ ಉಗುಳುತ್ತಿತ್ತು. ಚಹಾದ ಗುಂಡಿ ಒತ್ತಿದರೂ ಕಾಫಿಯ ಗುಂಡಿ ಒತ್ತಿದರೂ ಬರುವುದು ಒಂದೇ ಎಂದು ನಾನು ಕಣ್ಣು ಕಟ್ಟಿಕೊಂಡು ಕುಡಿದು ಸಾಬೀತು ಮಾಡಿದೆ. ಮೋಕದಕ್ಕನಿಗೆ ಅವತ್ತು ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಚೆನ್ನೈ ಕಡೆಯ ಒಬ್ಬ ಖರೀದಿದಾರರು ಹಾಲಿಲ್ಲದ, ಸಕ್ಕರೆಯಿಲ್ಲದ ಕಪ್ಪು ಕಾಫಿ ಕೇಳಿದರು. ಅದನ್ನೂ ಕದ್ದು ಒಂದು ಗುಟುಕು ನೋಡಿದೆ. ಅವರು ಯಾಕೆ ಯಾವಾಗಲೂ ಮುಖ ಗಂಟು ಹಾಕಿಕೊಂಡಿರುತ್ತಾರೆ ಎಂದು ಆಗ ತಿಳಿಯಿತು.

ನಾನೂ ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ. ಮ್ಯಾನೇಜರಿಗೆ ಗಂಟಲು ಕಟ್ಟಿದ ದಿನ ಅವ್ವನ ಡಬ್ಬಿಯಿಂದ ಒಂದಿಷ್ಟು ಪುಡಿ ತಂದು, ಮೋಕದಕ್ಕನ ಕೈಲಿ ಬೆಲ್ಲ ಹಾಕಿಸಿ ಕುದಿಸಿ, ಹೊಸ ತರದ ಕಾಫಿ ಸರ್, ಭಾರಿ ರೇಟು ಎಂದು ಕುಡಿಸಿದೆ. ಮಾರನೇ ದಿನ ಅವರು ಯಾರಿಗೂ ಕೇಳದ ಹಾಗೆ ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ನಿನ್ನಿ ಕೊಟ್ರಲ್ಲ, ಆ ಕಾಫಿ ಇನ್ನೊಂದು ಸ್ವಲ್ಪ ಐತೇನು?"

"ಕಷಾಯ ಏನ್ರಿ ಸರ್?" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಹೀಗೆ ಎರಡು ವರ್ಷ ಕಳೆಯಿತು. ಮದುವೆಯಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದೆ. ಮದುವೆಗೆ ಮೊದಲೇ ನನ್ನ ಗಂಡನಾಗುವವನು ನನ್ನನ್ನು ಬೈಕಿನ ಮೇಲೆ ಸಂಗನಕಲ್ಲಿನ ಗುಡ್ಡದ ಕಡೆ ಸುತ್ತಾಡಿಸಿ, ಬರುವಾಗ ಏಸಿ ಇದ್ದ ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಕಾಫಿಯ ಮೇಲೆ ನೊರೆಯಲ್ಲಿ ಎಲೆಯ ಚಿತ್ರ ಬರೆದು ತಂದಿಟ್ಟರು. ಎಲೆ ಕೆಡುತ್ತದೆಂದು ನಾನು ಕುಡಿಯದೆ ಕೂತೆ, ಕಾಫಿ ಆರಿಹೋಯಿತು. ಅವನು ಅದನ್ನು ನಾಚಿಕೆ ಅಂದುಕೊಂಡು ಮನೆಯಲ್ಲಿ ಹೇಳಿದನಂತೆ: ಹುಡುಗಿ ಭಾಳ ಮೆತ್ತಗ ಅದಾಳ. ಪಾಪ, ಅವನಿಗೂ ಮಾದರಿ ನೋಡಲು ಬರುವುದಿಲ್ಲ.

ನಿಜವಾದ ಕಾಫಿಯ ಕಾನೂನು ಗೊತ್ತಾದದ್ದು ಅತ್ತೆಯ ಮನೆಯಲ್ಲಿ. ನಮ್ಮ ಅತ್ತೆ ಬೈಯುವುದು ಕನ್ನಡದಲ್ಲಿ, ಮೆಚ್ಚುವುದು ತೆಲುಗಿನಲ್ಲಿ. ನಾನು ಹೋದ ಮೊದಲ ವರ್ಷ ಅವರ ಬಾಯಲ್ಲಿ ತೆಲುಗು ಕೇಳಿದ್ದು ಕಡಿಮೆ. ಅವರ ಹತ್ತಿರ ಒಂದು ಹಿತ್ತಾಳೆ ಫಿಲ್ಟರ್ ಇದೆ, ಅದನ್ನು ಅವರ ಹೊರತು ಯಾರೂ ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಎದ್ದು ಪುಡಿ ತುಂಬಿ, ಬಿಸಿನೀರು ಹುಯ್ದು, ಮುಚ್ಚಳ ಹಾಕಿ, ಹನಿ ಇಳಿಯುವ ತನಕ ಯಾರ ಜೊತೆಗೂ ಮಾತಿಲ್ಲ. ಮೊದಲು ಇಳಿಯುವ ಗಟ್ಟಿಯದು ಒಂದನೇ ಡಿಕಾಕ್ಷನ್. ಅದು ಮಾವನಿಗೆ, ತಮಗೆ, ಮತ್ತು ತಾವು ಮೆಚ್ಚಿದ ನೆಂಟರಿಗೆ. ಅದೇ ಪುಡಿಗೆ ಮತ್ತೆ ನೀರು ಹುಯ್ದರೆ ಎರಡನೇದು. ಅದು ಮಕ್ಕಳಿಗೆ, ಸೊಸೆಗೆ, ಕರೆಯದೆ ಬಂದವರಿಗೆ. ಮೂರನೇ ಸಲ ನೀರು ಹುಯ್ದದ್ದು ಗ್ಯಾಸ್ ತಂದವನಿಗೆ, ನಲ್ಲಿ ರಿಪೇರಿಯವನಿಗೆ, ಮನೆಗೆಲಸದವಳಿಗೆ, ಮತ್ತು ಎದುರುಮನೆಯಾಕೆಗೆ. ಎದುರುಮನೆಯಾಕೆಗೆ ಯಾಕೆ ಎಂದು ಕೇಳಬಾರದು, ಅದೊಂದು ದೊಡ್ಡ ಕಥೆ.

"ನೋಡಮ್ಮಾ, ಡಿಕಾಕ್ಷನ್ ನೋಡಿದ್ರ ಮನಿಯಾಗ ಯಾರ್ಯಾರು ಎಲ್ಲೆಲ್ಲಿ ಅದಾರ ಅಂತ ಗೊತ್ತಾಗತೈತಿ," ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ನನ್ನ ಲೋಟ ನೋಡಿಕೊಂಡೆ. ಎರಡನೇದು. ಅದೂ ತಳದ್ದು.

ಒಂದು ದಿನ ಅವರು ದೇವರ ಮನೆಯಲ್ಲಿದ್ದಾಗ ಮಾವನ ಲೋಟವನ್ನೂ ನನ್ನ ಲೋಟವನ್ನೂ ಅದಲುಬದಲು ಮಾಡಿಬಿಟ್ಟೆ. ಒಂದನೇ ಡಿಕಾಕ್ಷನ್ ಗಂಟಲಲ್ಲಿ ಇಳಿದಾಗ, ಅಯ್ಯೋ, ಈ ಮುದುಕರು ಇಷ್ಟು ದಿನ ಎಂಥದ್ದನ್ನು ಬಚ್ಚಿಟ್ಟುಕೊಂಡಿದ್ದರಪ್ಪ ಅನ್ನಿಸಿತು. ಮಾವ ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ, ಆಮೇಲೆ ನನ್ನ ಮುಖ ನೋಡಿದರು. ನಾನು ಪೇಪರಿನಲ್ಲಿ ಮುಳುಗಿದೆ. "ಇವತ್ತು ಯಾಕೋ ತೆಳ್ಳಗಾಗೈತಿ," ಅಂದರು ಅಷ್ಟೇ. ಅತ್ತೆ ಕೂಡಲೇ ಕಾಫಿಪುಡಿ ಅಂಗಡಿಯವನಿಗೆ ಫೋನು ಹಚ್ಚಿ, ಚಿಕೋರಿ ಜಾಸ್ತಿ ಬೆರೆಸಿದ್ದೀಯಾ ಎಂದು ಕಾಲು ಗಂಟೆ ಬೈದರು. ಆ ಬಡಪಾಯಿ ಮುಂದಿನ ಸಲ ಐವತ್ತು ಗ್ರಾಂ ಪುಡಿ ಹೆಚ್ಚಿಗೆ ಕೊಟ್ಟ. ಮಾವ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇಷ್ಟರಲ್ಲಿ ಬಂತು ನನ್ನ ತಲೆಯ ಮೇಲೆ ಗಂಡಾಂತರ. ಶ್ರಾವಣದ ಒಂದು ಸೋಮವಾರ ಕುರುಗೋಡಿನ ಬಸವಣ್ಣನಿಗೆ ಹೋಗಿಬರೋಣ, ಹಾಗೆಯೇ ನಿಮ್ಮ ಮನೆಗೂ ಬರುತ್ತೇವೆ ಎಂದು ಅತ್ತೆ ಹೇಳಿದರು. ನನ್ನನ್ನು ನೋಡಲು ಬಂದಾಗ ಬಿಸಿಲು ಸುಡುತ್ತಿತ್ತು, ಮಜ್ಜಿಗೆ ಕುಡಿದು ಹೋಗಿದ್ದರು. ಮದುವೆ ಆದದ್ದು ಬಳ್ಳಾರಿಯಲ್ಲಿ. ನಮ್ಮ ಮನೆಯ ಕಾಫಿಯ ಗುಟ್ಟು ಅಲ್ಲಿಯ ತನಕ ಗೂಡಿನ ಮೇಲೆ ಡಬ್ಬಿಯಲ್ಲಿ ಭದ್ರವಾಗಿತ್ತು. ಅವ್ವನಿಗೆ ಫೋನು ಮಾಡಿ, ಚಹಾ ಮಾಡು ಸಾಕು ಎಂದು ಸೂಕ್ಷ್ಮವಾಗಿ ಹೇಳಿದೆ.

"ಚಹಾ ಯಾಕ? ನಿಮ್ಮ ಅತ್ತಿಗೆ ಕಾಫಿ ಅಂದ್ರ ಪ್ರಾಣ ಅಂತಿದ್ದೆಲ್ಲ. ಕಾಫಿ ಮಾಡತೀನಿ ತಗೋ," ಅಂದಳು ಅವ್ವ, ಖುಷಿಯಿಂದ.

ಕಣ್ಣ ಮುಂದೆ ಚಿತ್ರವೇ ಬಂದುಬಿಟ್ಟಿತು: ಅತ್ತೆ ಒಂದು ಗುಟುಕು ಕುಡಿದು, ಮೂಗು ಮುರಿದು, ಕನ್ನಡದಲ್ಲಿ ಏನೋ ಅನ್ನುತ್ತಾರೆ, ಅವ್ವ ಸೆರಗು ಹಿಡಿದುಕೊಂಡು ನಿಂತಿದ್ದಾಳೆ. ಸತ್ಯನಾರಾಯಣಪೇಟೆಯ ಅಷ್ಟೂ ಕಟ್ಟೆಗಳ ಮೇಲೆ ಒಂದು ತಿಂಗಳು ಇದೇ ಮಾತು. ಅವ್ವ ಬೀಗರ ಮನೆಗೆ ಬಂದಾಗ ಅವಳಿಗೆ ಸಿಗುವುದು ಮೂರನೇ ಡಿಕಾಕ್ಷನ್. ಅದನ್ನು ಮಾತ್ರ ನಾನು ಆಗಗೊಡುವುದಿಲ್ಲ ಅಂದುಕೊಂಡೆ.

ಹಿಂದಿನ ದಿನವೇ, ಭಾನುವಾರ, ನಾನೊಬ್ಬಳೇ ಕುರುಗೋಡಿಗೆ ಹೋದೆ. ಚೀಲದಲ್ಲಿ ಕಾಲು ಕೆ.ಜಿ. ಕಾಫಿಪುಡಿ, ಅತ್ತೆಯ ಅಂಗಡಿಯದ್ದೇ. ಅವ್ವ ನೀರು ಹಿಡಿಯಲು ಹೊರಗೆ ಹೋದ ಹೊತ್ತು ನೋಡಿ ಸ್ಟೂಲು ಹತ್ತಿ ಕಾಫಿ ಡಬ್ಬಿ ಇಳಿಸಿದೆ. ಕೊತ್ತಂಬರಿ ಪುಡಿಯನ್ನು ಪೇಪರಿನಲ್ಲಿ ಕಟ್ಟಿ ನನ್ನ ಚೀಲಕ್ಕೆ ಸೇರಿಸಿದೆ, ಬಳ್ಳಾರಿಯ ಪುಡಿಯನ್ನು ಡಬ್ಬಿಗೆ ತುಂಬಿದೆ. ಬಣ್ಣ ಹೆಚ್ಚೂ ಕಡಿಮೆ ಅದೇ. ಕುದಿಸುವ ಹೊತ್ತಿಗೆ ಅವ್ವನನ್ನು ಮಾತಿಗೆ ಎಳೆದು ಅಡುಗೆಮನೆಯಿಂದ ಹೊರಗೆ ಹಾಕಿ, ನಾನೇ ಮಾಡಿಬಿಡುವುದು ಎಂದು ಲೆಕ್ಕ ಹಾಕಿದೆ. ಡಬ್ಬಿ ಮೇಲಿಟ್ಟು ಸ್ಟೂಲಿನಿಂದ ಇಳಿಯುವಾಗ ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಮಾರನೇ ದಿನ ಅತ್ತೆ, ಮಾವ, ನನ್ನ ಗಂಡ ಗುಡಿ ಮುಗಿಸಿಕೊಂಡು ಬಂದರು. ಅಪ್ಪ ಮಾವನಿಗೆ ಹೊಸ ಟ್ರ್ಯಾಕ್ಟರಿನ ಕಥೆ ಶುರು ಹಚ್ಚಿದ. ಗಂಡ ಮೊಬೈಲ್ ನೋಡುತ್ತ ಕೂತ. ಅತ್ತೆ ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಗೋಡೆ, ಛತ್ತು, ಕಿಟಕಿ ಎಲ್ಲವನ್ನೂ ನೋಡಿ ಮುಗಿಸಿದರು. ಇನ್ನು ನೋಡಲು ಉಳಿದದ್ದು ಕಾಫಿ ಒಂದೇ.

ನಾನು ಒಳಗೆ ಓಡಿದೆ. "ಅವ್ವಾ, ನೀ ಹೋಗಿ ಅತ್ತಿ ಕೂಡ ಮಾತಾಡು. ಕಾಫಿ ನಾ ಮಾಡತೀನಿ."

"ನೀ ಸುಮ್ಮನ ಕುಂದ್ರು," ಅಂದಳು.

ನೀರು ಆಗಲೇ ಕುದಿಯುತ್ತಿತ್ತು. ಅವ್ವ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಮೂಗಿನ ಹತ್ತಿರ ತರಲೂ ಇಲ್ಲ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, ಜೋಳದ ಹಿಟ್ಟಿನ ಡಬ್ಬದ ಹಿಂದೆ ಕೈ ಹಾಕಿ ಒಂದು ಪೊಟ್ಟಣ ತೆಗೆದು ಅದರ ಪಕ್ಕದಲ್ಲಿಟ್ಟಳು. ಅದೂ ಕಾಫಿಪುಡಿ.

"ಇದು ನಿಮ್ಮ ಅತ್ತಿ ಸಲುವಾಗಿ ನಾ ತರಿಸಿದ್ದು. ಅದು ನೀ ತಂದದ್ದು. ಯಾವುದು ಹಾಕಲಿ ಹೇಳು," ಅಂದಳು.

ಅವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಹಮಾಲನೊಬ್ಬ ಒದ್ದೆ ಅಕ್ಕಿಯನ್ನು ಒಣ ಅಕ್ಕಿಯ ಕೆಳಗೆ ಮುಚ್ಚಿಟ್ಟಾಗ ನಾನು ಅವನನ್ನು ನೋಡುತ್ತೇನಲ್ಲ, ಹಾಗೆ ನೋಡುತ್ತಿದ್ದಳು.

"ನಿನ್ನಿ ನಿನ್ನ ಚೀಲ ಗೂಟಕ್ಕ ಹಾಕುವಾಗ ಕೊತ್ತಂಬರಿ ವಾಸನಿ ಗಮ್ ಅಂತು. ಬೀಗರ ಮನಿ ಸೊಸಿ ಚೀಲದಾಗ ಕೊತ್ತಂಬರಿ ಯಾಕ ಇಟ್ಕೊಂಡು ತಿರುಗತಾಳ ಅಂತ ಡಬ್ಬಿ ತೆಗೆದು ನೋಡಿದೆ." ಅವ್ವ ನಾನು ತಂದ ಪುಡಿಯನ್ನೇ ತೆಗೆದುಕೊಂಡಳು. "ಬಳ್ಳಾರಿದಽ ಹಾಕೋಣ ತಗೋ. ವಾಸನಿ ಚಲೋ ಐತಿ."

ಆಮೇಲೆ ಅವಳು ಮಾಡಿದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಒಲೆ ಆರಿಸಿ, ಕುದಿ ಇಳಿಯುವ ತನಕ ತಡೆದು, ಆ ನೀರಿಗೆ ಪುಡಿ ಹಾಕಿ, ಒಂದೇ ಸಲ ತಿರುವಿ ಮುಚ್ಚಿದಳು. ಹಾಲನ್ನು ಬೇರೆ ಕಾಯಿಸಿದಳು. ಒಗೆದು ಮಡಚಿಟ್ಟಿದ್ದ ಬಿಳಿ ಬಟ್ಟೆಯ ತುಂಡು ತಂದು, ಪಾತ್ರೆಯ ಬಾಯಿಗೆ ಕಟ್ಟಿ, ಹಿಂಡದೆ, ಅವಸರ ಮಾಡದೆ ಸೋಸಿದಳು. ಕಪ್ಪಗೆ, ಗಟ್ಟಿಯಾಗಿ ಡಿಕಾಕ್ಷನ್ ಇಳಿಯಿತು. ನಮ್ಮ ಅತ್ತೆಯ ಹಿತ್ತಾಳೆ ಫಿಲ್ಟರ್ ಕೂಡ ಅಷ್ಟು ಚೆಂದ ಇಳಿಸುವುದಿಲ್ಲ.

"ಇದನ್ನೆಲ್ಲ ನೀ ಎಲ್ಲಿ ಕಲ್ತೀ?"

"ನೀ ಸಣ್ಣಾಕಿ ಇದ್ದಾಗ ಬಳ್ಳಾರಿ ಕಡಿ ಮಾಸ್ತರೊಬ್ಬರು ಇಲ್ಲೇ ಬಾಡಿಗಿ ಇದ್ರು. ಅವರ ಮನಿಗೆ ಕಾಳು ಹಸನ ಮಾಡಾಕ, ಖಾರ ಕುಟ್ಟಾಕ ಹೋಗತಿದ್ದೆ. ಅಡಗಿ ಮನಿ ಬಾಗಲದಾಗ ಕುಂತು ಕುಟ್ಟೋದು. ಎದುರಿಗೇ ಮಾಸ್ತರ ಹೆಂಡತಿ ಕಾಫಿ ಇಳಸತಿದ್ಲು. ದಿನಾ ನೋಡತಿದ್ದೆ. ಮೊದಲನೇದು ಅವರಿಗೆ, ಎರಡನೇದು ಹುಡುಗರಿಗೆ. ನನಗ ಮೂರನೇ ಸಲದ್ದು." ಅವ್ವ ಬಟ್ಟೆಯ ಅಂಚು ಎತ್ತಿ ನೋಡಿದಳು. "ಮೂರನೇದು ಕುಡಿದಾಕಿಗೆ ಮೊದಲನೇದು ಹೆಂಗ ಇಳಸಬೇಕು ಅಂತ ಗೊತ್ತಿರಂಗಿಲ್ಲೇನು?"

ಅಂದರೆ ಅವ್ವನಿಗೆ ಎಲ್ಲ ಗೊತ್ತಿತ್ತು. ಕಾಫಿ ಯಾವುದು, ಕಷಾಯ ಯಾವುದು, ಮೊದಲಿನಿಂದಲೂ ಗೊತ್ತಿತ್ತು.

"ಮತ್ತ ನನಗ ಯಾಕ ಕೊತ್ತಂಬರಿ ಕುಡಿಸಿ ಕಾಫಿ ಅಂದಿ?"

"ನೀ ಕೇಳ್ದಿ, ಅದಕ್ಕ." ಅವ್ವ ನಗಲು ನೋಡಿದಳು. "ಐದು ವರ್ಷದಾಕಿ ಇದ್ದಿ. ಒಂದಿನ ನನ್ನ ಕೂಡ ಬಂದಿದ್ದಿ. ಅವರ ಮಗಳು ಕಾಫಿ ಕುಡಿಯಾಕತ್ತಿದ್ಲು, ನನಗೂ ಬೇಕಂದಿ. ಮಾಸ್ತರ ಹೆಂಡತಿ, ಸಣ್ಣ ಹುಡಿಗೇರಿಗೆ ಕಾಫಿ ಆಗಂಗಿಲ್ಲ ಅಂದ್ಲು. ಆಕಿ ಮಗಳೂ ನಿನ್ನಷ್ಟಽ ಇದ್ಲು. ಹಾದಿ ತುಂಬ ಅತ್ತಿ. ಬಸವಣ್ಣನ ಗುಡಿ ಮುಂದ ನೆಲದ ಮ್ಯಾಲ ಬಿದ್ದು ಹೊರಳಾಡಿದಿ, ಕಾಫಿ ಕೊಟ್ರಽ ಏಳತೀನಿ ಅಂತ. ಮನಿಯಾಗ ಕಾಫಿಪುಡಿ ಎಲ್ಲಿಂದ ಬರಬೇಕು? ಕೊತ್ತಂಬರಿ ಇತ್ತು, ಬೆಲ್ಲ ಇತ್ತು. ಬಣ್ಣ ಬಂದ್ರ ಸಾಕಿತ್ತು. ಕಾಫಿ ಅಂದೆ, ಕುಡಿದು ಮಕ್ಕೊಂಡಿ."

"ಆಮೇಲರ ಹೇಳಬೇಕಿಲ್ಲೇನು?"

"ಯಾವಾಗ ಹೇಳಲಿ? ನಮ್ಮವ್ವನ ಕಾಫಿ, ನಮ್ಮವ್ವನ ಕಾಫಿ ಅಂತ ಓಣಿ ತುಂಬ ಡಂಗೂರ ಹೊಡಕೊಂಡು ಅಡ್ಡಾಡತಿದ್ದಿ." ಅವ್ವ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟಳು. "ಗಿರಣಿಗೆ ಸೇರಿದ ವಾರ ಒಂದಿನ ಬಂದು ಕಾಫಿ ಕುಡಿದಿ. ಅವತ್ತು ನೀ ನನ್ನ ಮುಖ ನೋಡಲಿಲ್ಲ. ಇಕಿಗೆ ಯಾರೋ ಹೇಳಿದ್ರು ಅಂತ ಅವತ್ತಽ ಗೊತ್ತಾತು. ನೀನಾಗೇ ಕೇಳತಿ, ಹೇಳೋಣ ಅಂತಿದ್ದೆ. ನೀ ಕೇಳಲಿಲ್ಲ." ಹಾಲಿನ ಪಾತ್ರೆಯ ಕಡೆ ನೋಡುತ್ತ ಕೇಳಿದಳು: "ನನ್ನ ಕಾಫಿ ಅಂದ್ರ ನಾಚಿಕಿ ಆತೇನು?"

ಸುಳ್ಳು ಹೇಳಬಹುದಿತ್ತು. "ಆತವ್ವ," ಅಂದೆ. ಅವ್ವನ ಮಾನ ಕಾಯುತ್ತೇನೆಂದು ಸ್ಟೂಲು ಹತ್ತಿದ್ದ ನನಗೆ, ನಾಲ್ಕು ಜನರ ನಗುವಿಗೆ ಹೆದರಿದವಳು ನಾನೇ ಎಂದು ಆಗ ಗೊತ್ತಾಯಿತು. ಅಳು ಬಂತು, ಅತ್ತುಬಿಟ್ಟೆ.

"ಏ ಹುಚ್ಚಿ, ಬೀಗರು ಕುಂತಾರ. ಮೂಗು ಒರಸ್ಕೋ," ಅಂದಳು ಅವ್ವ. ಲೋಟಗಳಿಗೆ ಕಾಫಿ ಬೆರೆಸಿ ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು.

ಪಡಸಾಲೆಯಲ್ಲಿ ಅತ್ತೆ ಲೋಟ ತೆಗೆದುಕೊಂಡು ಮೊದಲು ಮೂಸಿದರು. ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು.

"ಅಬ್ಬಬ್ಬ, ಎಂತ ಬಾಗುಂದಿ!" ಅಂದರು.

ತೆಲುಗು! ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. "ಅಕ್ಕಾರ, ನಿಮ್ಮ ಫಿಲ್ಟರ್ ಯಾವುದ್ರಿ? ಸ್ವಲ್ಪ ತೋರಸ್ರಿ," ಎಂದು ಅತ್ತೆ ಒಳಗೆ ಕೂಗಿದರು. ಅವ್ವ ಬಾಗಿಲಿಗೆ ಬಂದು ಒದ್ದೆ ಬಟ್ಟೆ ಎತ್ತಿ ತೋರಿಸಿದಳು. ಅತ್ತೆ ಆ ಬಟ್ಟೆಯನ್ನೇ ನೋಡುತ್ತ ಕೂತರು. ಮೂವತ್ತು ವರ್ಷ ಹಿತ್ತಾಳೆ ತಿಕ್ಕಿದವರಿಗೆ ಹೇಗಾಗಬೇಡ!

ನಾನು ಒಳಗೆ ಬರುವ ಹೊತ್ತಿಗೆ ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಬೆಲ್ಲ ಕರಗುತ್ತಿತ್ತು. ನನ್ನ ಚೀಲದ ಪೊಟ್ಟಣ ಬಿಚ್ಚಿಕೊಂಡು ಕಟ್ಟೆಯ ಮೇಲಿತ್ತು. ಅವ್ವ ಒಂದು ಲೋಟ ಕೊತ್ತಂಬರಿ ಕಾಫಿ ಮಾಡಿ ನನ್ನ ಮುಂದೆ ಇಟ್ಟಳು.

"ನೀ ಇದನ್ನ ಕುಡಿ. ನಿನ್ನ ಕಾಫಿ ಇದು."

ಕುಡಿದೆ. ಶುಂಠಿ ಗಂಟಲಿಗೆ ಹತ್ತಿತು. ಬಡಿದದ್ದು, ಮಷೀನಿನದು, ಎಲೆಯ ಚಿತ್ರದ್ದು, ಅತ್ತೆಯದು, ಎಷ್ಟೊಂದು ಕಾಫಿ ಕುಡಿದಿದ್ದೆ. ಇಷ್ಟು ಸಿಹಿಯಾದದ್ದು ಯಾವುದೂ ಇರಲಿಲ್ಲ. ತಲೆ ಎತ್ತಿ ನೋಡಿದರೆ ಅವ್ವ ಬಟ್ಟೆಯಲ್ಲಿ ಉಳಿದ ಹಳೆ ಪುಡಿಗೆ ಮತ್ತೆ ಬಿಸಿನೀರು ಹುಯ್ಯುತ್ತಿದ್ದಳು.

"ಅದು ಯಾರಿಗೆ?"

"ನನಗವ್ವ. ನಾನೂ ಒಂದು ಗುಟುಕು ಕುಡಿತೀನಿ."

"ಒಂದನೇದು ಇನ್ನೂ ಐತೆಲ್ಲ?"

"ಅದು ನಿಮ್ಮ ಅತ್ತಿಗೆ. ಮತ್ತ ಕೇಳಿದ್ರ ಬೇಕಲ್ಲ."

ನಾನು ಪಾತ್ರೆಯಲ್ಲಿ ಉಳಿದಿದ್ದ ಒಂದನೇ ಡಿಕಾಕ್ಷನ್ನನ್ನು ತಳ ಕಾಣುವ ಹಾಗೆ ಅವ್ವನ ಲೋಟಕ್ಕೆ ಸುರಿದು, ಕೆನೆ ಕಟ್ಟಿದ ಹಾಲು ಹುಯ್ದು, ಸಕ್ಕರೆ ಹಾಕಿ ತಿರುವಿದೆ. ಅವ್ವ ಬೇಡ ಬೇಡ ಅನ್ನುತ್ತಿರುವಾಗಲೇ ಪಡಸಾಲೆಯಿಂದ ಅತ್ತೆಯ ದನಿ ಬಂತು.

"ಏನಮ್ಮಾ, ಇನ್ನೊಂದು ಅರ್ಧ ಲೋಟ ಐತೇನು?"

ಅವ್ವ ಗಾಬರಿಯಿಂದ ತನ್ನ ಲೋಟ ಮುಂದೆ ತಳ್ಳಿದಳು. ನಾನು ಅದನ್ನು ಅವಳ ಕಡೆಗೇ ಸರಿಸಿ, ಬಾಗಿಲ ಕಡೆ ತಿರುಗಿ ಕೂಗಿದೆ.

"ಮುಗೀತ್ರಿ ಅತ್ತಿ! ಎರಡನೇದು ಐತಿ, ನಡೀತೈತೇನ್ರಿ?"

ಪಡಸಾಲೆಯಲ್ಲಿ ಟ್ರ್ಯಾಕ್ಟರಿನ ಕಥೆ ಕೂಡ ನಿಂತಿತು. ಮಾವ ಕೆಮ್ಮಿದರು, ಅದು ನಗು ಎಂದು ನನಗೊಬ್ಬಳಿಗೇ ಗೊತ್ತು. ಬಹಳ ಹೊತ್ತಿನ ಮೇಲೆ ಅತ್ತೆ, "ತಾರಮ್ಮಾ," ಅಂದರು. ಬೀಗರ ಮನೆಯಲ್ಲಿ ಇನ್ನೇನು ತಾನೇ ಅನ್ನಲು ಬರುತ್ತದೆ? ಎರಡನೇ ಡಿಕಾಕ್ಷನ್ನಿನಲ್ಲಿ ಬೆರೆಸಿದ ಕಾಫಿ ಕೊಟ್ಟೆ. ಅವರು ನನ್ನನ್ನು ಒಮ್ಮೆ, ಲೋಟವನ್ನು ಒಮ್ಮೆ ನೋಡಿ ಕುಡಿದರು. ಮಾರನೇ ದಿನದಿಂದ ಬಳ್ಳಾರಿಯಲ್ಲಿ ನನಗೆ ಯಾವ ಡಿಕಾಕ್ಷನ್ ಸಿಗಬಹುದು ಎಂದು ನಾನು ಆಗ ಯೋಚಿಸಲಿಲ್ಲ.

ಒಳಗೆ ಅವ್ವ ಒಲೆಯ ಪಕ್ಕದ ಮಣೆಯ ಮೇಲೆ ಕೂತಿದ್ದಳು. ಎರಡೂ ಕೈಯಲ್ಲಿ ಲೋಟ ಹಿಡಿದು, ಊದಿ, ಒಂದು ಗುಟುಕು ಕುಡಿದಳು. ಆಕೆಯ ಜೀವಮಾನದ ಮೊದಲ ಒಂದನೇ ಡಿಕಾಕ್ಷನ್. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಅವ್ವ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. ಇನ್ನೊಂದು ಗುಟುಕು ಕುಡಿದಳು.

"ಇಷ್ಟೇನಾ?" ಅಂದಳು. "ಇದಕ್ಕಾ ನೀ ಗುಡಿ ಮುಂದ ಹೊರಳಾಡಿದ್ದು?"

ಲೋಟ ಮಾತ್ರ ಖಾಲಿಯಾಗುವ ತನಕ ಕೆಳಗಿಡಲಿಲ್ಲ.